ಯಾನಕದ ಓಣಿಗೆ ಯಾವ ಕ್ಯಾಮೆರಾ: ಪೆನ್ ಇಇ-3 ಅಥವಾ ಟ್ರಿಪ್ 35?

ಟೋಕಿಯೊದ ಹಳೆಯ ಬಡಾವಣೆ ಯಾನಕದಲ್ಲಿ ಎರಡು ಒಲಿಂಪಸ್ ಫಿಲ್ಮ್ ಕ್ಯಾಮೆರಾಗಳನ್ನು ಒಟ್ಟಿಗೆ ಹೊತ್ತು ಅಡ್ಡಾಡಿದ್ದೇನೆ. ಎರಡಕ್ಕೂ ಬ್ಯಾಟರಿ ಬೇಡ. ಲೆನ್ಸಿನ ಸುತ್ತ ಬಳೆಯಂತೆ ಕೂತ ಸೆಲೆನಿಯಂ ಕೋಶವೇ ಬೆಳಕನ್ನು ಅಳೆಯುತ್ತದೆ. ಬೆಳಕು ಸಾಲದಿದ್ದರೆ ವ್ಯೂಫೈಂಡರ್‌ನಲ್ಲಿ ಕೆಂಪು ಪಟ್ಟಿ ಮೇಲೆದ್ದು ಶಟರ್ ಕದಲುವುದಿಲ್ಲ.

ಒಲಿಂಪಸ್‌ನ ವಿನ್ಯಾಸಕ ಯೊಶಿಹಿಸ ಮೈತಾನಿ 1959ರಲ್ಲಿ ರೂಪಿಸಿದ ಪೆನ್‌ನ ವಂಶದ್ದು ಇಇ-3. ಒಂದು ಚಿತ್ರದ ಜಾಗದಲ್ಲಿ ಎರಡು ಹಿಡಿಸುತ್ತದೆ. 36ರ ರೋಲಿನಲ್ಲಿ 72 ಸಿಗುತ್ತವೆ. ಫಿಲ್ಮ್ ದುಬಾರಿಯಾಗಿರುವಾಗ ಇದು ಸಣ್ಣ ಲಾಭವಲ್ಲ. ಆದರೆ ನನ್ನ ಮನಸ್ಸು ಸೋತಿದ್ದು ಚೌಕಟ್ಟಿಗೆ. ಕ್ಯಾಮೆರಾವನ್ನು ಎಂದಿನಂತೆ ಅಡ್ಡ ಹಿಡಿದರೂ ಚಿತ್ರ ನೀಳವಾಗಿ ಬರುತ್ತದೆ. ಯಾನಕದ ದಿನನಿತ್ಯದ ಬದುಕೂ ನೀಳವಾಗಿಯೇ ಇದೆ: ಮೇಲಿನಿಂದ ಕೆಳಕ್ಕೆ ಬರೆದ ಅಂಗಡಿ ಫಲಕ, ಬಾಗಿಲಿಗೆ ಇಳಿಬಿಟ್ಟ ನೋರೆನ್ ಪರದೆ, ಎದುರು ಬಂದವರಿಗೆ ಸರಿದು ದಾರಿ ಬಿಡಬೇಕಾದ ಓಣಿ, ಹೊಸ್ತಿಲ ಪಕ್ಕ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹೂಕುಂಡಗಳು. ಅದೇ ಓಣಿಯನ್ನು ಟ್ರಿಪ್‌ನಲ್ಲಿ ತೆಗೆದಾಗ ಎರಡು ಬದಿಯ ಗೋಡೆಗಳೇ ಚಿತ್ರವನ್ನು ನುಂಗಿಬಿಟ್ಟವು. ಅದನ್ನು ತಿರುಗಿಸಿ ಹಿಡಿಯಬಹುದು ನಿಜ, ಆದರೆ ನಡೆಯುತ್ತಾ ತೆಗೆಯುವಾಗ ಕೈಗೆ ಅದು ಒಗ್ಗುವುದಿಲ್ಲ.

1967ರಲ್ಲಿ ಬಂದ ಟ್ರಿಪ್ 35 ಗೆಲ್ಲುವುದು ಮುಖಗಳಲ್ಲಿ. ದೂರ ಹೊಂದಿಸಲು ಲೆನ್ಸಿನ ಮೇಲೆ ಮನುಷ್ಯರ ಮತ್ತು ಬೆಟ್ಟದ ಪುಟ್ಟ ಚಿತ್ರಗಳಿವೆ. ಪೆನ್‌ನ ಫೋಕಸ್ ಸ್ಥಿರ. ತೀರಾ ಹತ್ತಿರ ಹೋದರೆ ಮುಖ ಮಸುಕಾಗುತ್ತದೆ. ಮೆಂಚಿ (ಕೊಚ್ಚಿದ ಮಾಂಸದ) ಕಟ್ಲೆಟ್ ಕರಿಯುತ್ತಿದ್ದ ಅಂಗಡಿಯಾಕೆಯ ಅನುಮತಿ ಪಡೆದು ಟ್ರಿಪ್‌ನಲ್ಲಿ ತೆಗೆದ ಚಿತ್ರದಲ್ಲಿ ಅವರ ಹಣೆಯ ಬೆವರ ಹನಿಯೂ ಸ್ಪಷ್ಟವಾಗಿದೆ. ನೆಗೆಟಿವ್ ಎರಡು ಪಟ್ಟು ದೊಡ್ಡದಾದ್ದರಿಂದ ದೊಡ್ಡ ಪ್ರಿಂಟ್‌ನಲ್ಲೂ ಗ್ರೇನ್, ಅಂದರೆ ಫಿಲ್ಮಿನ ಕಣಗಳು, ಕಣ್ಣಿಗೆ ಹೊಡೆಯುವುದಿಲ್ಲ. ಸಂಜೆ ಯೂಯಾಕೆ ದಂದನ್ ಮೆಟ್ಟಿಲುಗಳ ಬಳಿ ಮೊದಲು ಕೆಂಪು ಪಟ್ಟಿ ತೋರಿದ್ದೂ ಪೆನ್. ಅದರ ಲೆನ್ಸ್ ಎಫ್/3.5, ಟ್ರಿಪ್‌ನದು ಎಫ್/2.8; ಸಂಖ್ಯೆ ಚಿಕ್ಕದಾದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ.

ಇಷ್ಟಾದರೂ ಯಾನಕಕ್ಕೆ ಒಂದೇ ಒಯ್ಯಬೇಕೆಂದರೆ ನಾನು ಪೆನ್ ಎತ್ತಿಕೊಳ್ಳುತ್ತೇನೆ. ಅಕ್ಕಪಕ್ಕದ ಎರಡು ಚೌಕಟ್ಟುಗಳನ್ನು ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿಸಿದರೆ ಅಂಗಡಿಯೊಂದು, ಅದರ ಗಿರಾಕಿಯೊಬ್ಬರು ಜೊತೆಯಾಗಿ ನಿಲ್ಲುತ್ತಾರೆ. ಆ ಸುಖ ಟ್ರಿಪ್‌ನಲ್ಲಿಲ್ಲ.

ಸಂಗ್ರಹಕ್ಕೆ ಕೊಳ್ಳುವವರಿಗೆ ಒಂದು ಮಾತು. ಜಪಾನಿನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿಗಳ 'ಜಂಕ್' (ಕೆಟ್ಟಿರಬಹುದಾದ ಸರಕಿನ) ಡಬ್ಬಿಗಳಲ್ಲಿ ಇಂಥವು ಸಿಗುತ್ತವೆ. ಲೆನ್ಸಿನ ರಿಂಗನ್ನು ಆಟೊಗೆ ತಿರುಗಿಸಿ, ಲೆನ್ಸನ್ನು ಅಂಗೈಯಲ್ಲಿ ಮುಚ್ಚಿ ಶಟರ್ ಗುಂಡಿ ಒತ್ತಿರಿ: ಕೆಂಪು ಪಟ್ಟಿ ಏಳಬೇಕು. ಬಳಿಕ ಬೆಳಕಿನತ್ತ ಹಿಡಿದು ಒತ್ತಿರಿ: ಶಟರ್ ಬೀಳಬೇಕು. ಬಿಸಿಲಿನಲ್ಲೂ ಪಟ್ಟಿ ಎದ್ದರೆ ಬಹುತೇಕ ಕೋಶ ಸತ್ತಿದೆ ಎಂದರ್ಥ, ಅಗ್ಗವೆಂದು ಕೊಳ್ಳಬೇಡಿ.