ಸೀರೀಸ್ 3 ಲ್ಯಾಂಡ್ ರೋವರ್ 88 ಮತ್ತು ಸ್ಯಾಂಕಿ ಟ್ರೈಲರ್: ಬಿಚ್ಚಿ ಕಟ್ಟಿ, ವರ್ಷಗಟ್ಟಲೆ ಎಳೆದಾಡಿದ ಮೇಲೆ

ಗಾಡಿ ಸೀರೀಸ್ 3 ಲ್ಯಾಂಡ್ ರೋವರ್, ಚಿಕ್ಕ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಇರುವುದು. ಟ್ರೈಲರ್ ಬ್ರಿಟಿಷ್ ಸೇನೆ ಬಳಸುತ್ತಿದ್ದ ಮುಕ್ಕಾಲು ಟನ್ನಿನ, ಸ್ಯಾಂಕಿ ಕಂಪನಿಯದು. ಎರಡನ್ನೂ ಕೊನೆಯ ನಟ್ಟಿನವರೆಗೆ ಬಿಚ್ಚಿ ಮತ್ತೆ ಕಟ್ಟಿದ್ದು. ಆಮೇಲೆ ಇಷ್ಟು ವರ್ಷ ಕ್ಯಾಂಪಿಂಗ್‌ಗೆ ಓಡಿಸಿದ್ದೇನೆ. ಬಣ್ಣದ ಮೇಲೆ ಈಗ ಗೀರುಗಳಿವೆ, ಟ್ರೈಲರ್‌ನ ಒಂದು ಮಡ್‌ಗಾರ್ಡ್ ಸೊಟ್ಟಗಾಗಿದೆ, ಟಾರ್ಪಾಲಿನ ಅಂಚಿಗೆ ಎರಡನೇ ಸಲ ಹೊಲಿಗೆ ಬಿದ್ದಿದೆ. ಸ್ಟಾರ್ ಕೊಡಲೇಬೇಕು ಅಂದ್ರೆ ಗಾಡಿಗೆ ಮೂರೂವರೆ, ಟ್ರೈಲರ್‌ಗೆ ನಾಲ್ಕೂವರೆ.

ಟ್ರೈಲರ್‌ಗೆ ಯಾಕೆ ಜಾಸ್ತಿ ಅಂದ್ರೆ, ಈ ಗಾಡಿಯಲ್ಲಿ ಜಾಗವೇ ಇಲ್ಲ. ವೀಲ್‌ಬೇಸ್ 88 ಇಂಚು, ಅಂದರೆ ಎರಡೂಕಾಲು ಮೀಟರ್‌ಗೂ ಕಡಿಮೆ. ಇಬ್ಬರು ಕೂತು, ಟೂಲ್ಸು ಮತ್ತು ಹಾಸಿಗೆ ತುಂಬಿದರೆ ಹಿಂದಿನ ಕಿಟಕಿ ಕಾಣುವುದಿಲ್ಲ. 109 ಇಂಚಿನ ಉದ್ದದ ಗಾಡಿ ತಗೊಂಡಿದ್ದರೆ ಟ್ರೈಲರ್ ಬೇಡವಾಗಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಸರಿ, ಆದರೆ ಉದ್ದದ ಗಾಡಿಯಲ್ಲಿ ಡೇರೆ ಹಾಕಿದ ಮೇಲೆ ನೀರು ತರಲು ಹೋಗಬೇಕಾದರೂ ಇಡೀ ಮನೆಯನ್ನು ಮಡಚಬೇಕು. ಟ್ರೈಲರ್ ಇದ್ದರೆ ಅದನ್ನು ಅಲ್ಲೇ ಬಿಟ್ಟು, ಹಗುರ ಗಾಡಿಯಲ್ಲಿ ಸುತ್ತಿ ಬರಬಹುದು. ನನಗೆ ಈ ಒಂದು ಅನುಕೂಲವೇ ಸಾಕು.

ಸೀರೀಸ್ 3 ತಯಾರಾಗಿದ್ದು 1971ರಿಂದ 1985ರವರೆಗೆ. ನನ್ನದರಲ್ಲಿ ಇರುವುದು 2286 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 70 ಅಶ್ವಶಕ್ತಿ. ಕಾಗದದ ಮೇಲೆ ನೋಡಿದರೆ ನಗು ಬರುತ್ತದೆ. ಆದರೆ ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಗುಣ ಇದೆ, ಮತ್ತೆ ಹಿಂದಿನ ಸೀರೀಸ್‌ಗಳಿಗೆ ಇಲ್ಲದ ಒಂದು ಸುಖ ಇದಕ್ಕಿದೆ: ಮುಂದಿನ ನಾಲ್ಕೂ ಗೇರ್‌ಗೆ ಸಿಂಕ್ರೋಮೆಶ್, ಅಂದರೆ ಗೇರ್ ಬದಲಿಸುವಾಗ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ. ಏರಿನಲ್ಲಿ ಟ್ರೈಲರ್ ಎಳೆಯುತ್ತಾ ಎರಡರಿಂದ ಒಂದಕ್ಕೆ ಇಳಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಕಟ್ಟುವಾಗ ನಾನು ಇಟ್ಟುಕೊಂಡ ನಿಯಮ ಒಂದೇ. ಟ್ರೈಲರ್ ಎಳೆಯುವುದಕ್ಕೆ ಏನು ಬೇಕೋ ಅದು ಮೊದಲು, ಮಿಕ್ಕಿದ್ದು ಆಮೇಲೆ. ಹೀಗೆ ಯೋಚಿಸಿದರೆ ಪಟ್ಟಿ ತಾನಾಗಿಯೇ ಬದಲಾಗುತ್ತದೆ. ವಿಂಚು, ರೂಫ್ ರ್‍ಯಾಕ್, ಎಲ್‌ಇಡಿ ಬಾರ್ ಎಲ್ಲ ಕೆಳಗೆ ಹೋಗುತ್ತವೆ. ಚಾಸಿ, ಬ್ರೇಕ್, ಹಿಂದಿನ ಆಕ್ಸಲ್ ಮೇಲೆ ಬರುತ್ತವೆ.

ಚಾಸಿ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಈ ಗಾಡಿಗಳ ಬಾಡಿ ಅಲ್ಯೂಮಿನಿಯಂ, ಹಾಗಾಗಿ ಹೊರಗಿಂದ ಫಳಫಳ ಅನ್ನುತ್ತಿರುತ್ತದೆ. ಕೆಳಗಿನ ಚಾಸಿ ಉಕ್ಕು, ಅದೂ ಪೆಟ್ಟಿಗೆಯಂತೆ ಮುಚ್ಚಿದ್ದು. ಒಳಗೆ ನೀರು, ಕೆಸರು ನಿಂತು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಮೊದಲು ಹೋಗುವುದು ಹಿಂದಿನ ಅಡ್ಡಪಟ್ಟಿ, ಆಮೇಲೆ ಬಾಡಿಯನ್ನು ಹೊರುವ ಔಟ್‌ರಿಗ್ಗರ್‌ಗಳು. ಟ್ರೈಲರ್‌ನ ಕೊಂಡಿ ಕೂರುವುದೇ ಆ ಹಿಂದಿನ ಅಡ್ಡಪಟ್ಟಿಯ ಮೇಲೆ! ಅದಕ್ಕೆ ತೇಪೆ ಹಾಕಿ ಟ್ರೈಲರ್ ಎಳೆಯುವ ಧೈರ್ಯ ನನಗಿಲ್ಲ. ಹೊಸ ಗ್ಯಾಲ್ವನೈಸ್ಡ್ ಚಾಸಿಯನ್ನೇ ಹಾಕಿದೆ. ಬಿಸಿ ಸತುವಿನಲ್ಲಿ ಮುಳುಗಿಸಿ ತೆಗೆದಿರುವುದರಿಂದ ಒಳಗೂ ಹೊರಗೂ ಲೇಪ ಇರುತ್ತದೆ. ಇಷ್ಟು ವರ್ಷ ಕೆಸರು, ಹೊಳೆ ಎಲ್ಲ ದಾಟಿದೆ, ಒಳಗೆ ಕ್ಯಾಮೆರಾ ತೂರಿಸಿ ನೋಡಿದರೂ ಕೆಂಪು ಕಾಣಲಿಲ್ಲ. ಖರ್ಚು ಮಾಡಿದ್ದರಲ್ಲಿ ಇದಕ್ಕಿಂತ ಸಮಾಧಾನ ಕೊಟ್ಟಿದ್ದು ಬೇರೆ ಇಲ್ಲ.

ಆದರೆ ತಂದ ತಕ್ಷಣ ಜೋಡಿಸಬಹುದು ಅಂದುಕೊಳ್ಳಬೇಡಿ. ಬೋಲ್ಟ್ ಹೋಗುವ ಪ್ರತಿ ತಿರುಪಿನಲ್ಲೂ ಸತು ತುಂಬಿಕೊಂಡಿರುತ್ತದೆ, ಟ್ಯಾಪ್ (ತಿರುಪು ಕೊರೆಯುವ ಉಪಕರಣ) ಹಾಕಿ ಬಿಡಿಸಬೇಕು. ಅರ್ಥ್ ವೈರ್ ಕೂರುವ ಜಾಗವನ್ನು ಚೆನ್ನಾಗಿ ಉಜ್ಜಬೇಕು, ಇಲ್ಲದಿದ್ದರೆ ಮಂಕು ದೀಪ, ಸೋಮಾರಿ ಸ್ಟಾರ್ಟರ್. ಹೊಸ ಸತುವಿನ ಮೇಲೆ ಬಣ್ಣ ನೇರವಾಗಿ ಹಿಡಿಯುವುದಿಲ್ಲ, ಅದಕ್ಕೆಂದೇ ಇರುವ ಪ್ರೈಮರ್ ಬೇಕು. ಇನ್ನೊಂದು, ಚಾಸಿ ಬದಲಾಯಿಸಿದರೆ ಚಾಸಿ ನಂಬರ್‌ನ ಪ್ರಶ್ನೆ ಬರುತ್ತದೆ. ನಿಯಮ ದೇಶಕ್ಕೊಂದು ಥರ, ಹಳೆಯದನ್ನು ಗುಜರಿಗೆ ಹಾಕುವ ಮುಂಚೆಯೇ ನೋಂದಣಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಅಲ್ಯೂಮಿನಿಯಂ ಉಕ್ಕಿಗೆ ತಾಗುವ ಕಡೆಯೆಲ್ಲ, ತೇವ ಸಿಕ್ಕರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಪರಿಹಾರ ಅಂತ ಜನ ಹೇಳುತ್ತಾರೆ, ಅದೂ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನಡುವೆ ನೈಲಾನ್ ವಾಷರ್, ಪೇಸ್ಟ್ ಅಥವಾ ಟೇಪ್ ಹಾಕಿ, ಮುಗೀತು.

ಈಗ ಬ್ರೇಕ್. ಚಿಕ್ಕ ವೀಲ್‌ಬೇಸ್ ಗಾಡಿಗೆ ನಾಲ್ಕೂ ಚಕ್ರಕ್ಕೆ 10 ಇಂಚಿನ ಡ್ರಮ್. ನನ್ನದು ಕಾರ್ಖಾನೆಯಿಂದ ಬಂದಾಗ ಸರ್ವೋ (ಬ್ರೇಕ್ ಮೇಲಿನ ಕಾಲಿನ ಒತ್ತಡವನ್ನು ಹೆಚ್ಚಿಸುವ ಸಾಧನ) ಕೂಡ ಇರಲಿಲ್ಲ. ಖಾಲಿ ಗಾಡಿಗೆ ಇದು ನಡೆಯುತ್ತದೆ, ಹಿಂದೆ ತುಂಬಿದ ಟ್ರೈಲರ್ ಇಟ್ಟುಕೊಂಡು ಇಳಿಜಾರಿನಲ್ಲಿ ಖಂಡಿತ ನಡೆಯುವುದಿಲ್ಲ. ಸರ್ವೋ ಇರುವ ಎರಡು ಸರ್ಕ್ಯೂಟ್‌ನ (ಒಂದು ಸೋತರೂ ಇನ್ನೊಂದು ಹಿಡಿಯುವ) ವ್ಯವಸ್ಥೆಗೆ ಬದಲಾಯಿಸಿ, ಮುಂದೆ 109ರ 11 ಇಂಚಿನ ಡ್ರಮ್ ಹಾಕಿಕೊಂಡೆ. ಡಿಸ್ಕ್ ಕಿಟ್‌ಗಳೂ ಸಿಗುತ್ತವೆ, ನಾನು ಹಾಕಿಲ್ಲ. ಡ್ರಮ್ ಸರಿಯಾಗಿ ಅಡ್ಜಸ್ಟ್ ಆಗಿದ್ದರೆ ನೇರವಾಗಿ, ನಂಬಿಕೆಯಿಂದ ನಿಲ್ಲುತ್ತದೆ. ಆಗಿಲ್ಲದಿದ್ದರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ನೀರಲ್ಲಿ ಇಳಿದು ಬಂದ ಮೇಲೆ ಮೊದಲ ಕೆಲವು ಒತ್ತುಗಳಲ್ಲಿ ಬ್ರೇಕ್ ಇರುವುದೇ ಇಲ್ಲ, ಕಾಲು ಲಘುವಾಗಿ ಇಟ್ಟು ಒಣಗಿಸಿಕೊಂಡೇ ಮುಂದೆ ಹೋಗಬೇಕು.

ಟ್ರೈಲರ್‌ಗೂ ತನ್ನದೇ ಬ್ರೇಕ್ ಇದೆ, ಓವರ್‌ರನ್ ಥರದ್ದು. ಗಾಡಿ ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತದೆ, ಆಗ ಕೊಂಡಿಯ ಶಾಫ್ಟ್ ಒಳಕ್ಕೆ ಸರಿದು ಬ್ರೇಕ್ ಹಿಡಿಯುತ್ತದೆ. ಸರಳ, ಜಾಣ ಯೋಚನೆ. ಆದರೆ ಯೋಚನೆ ಒಂದೇ ದಿಕ್ಕಿನದು. ಏರಿನಲ್ಲಿ ಎಂಜಿನ್ ನಿಂತು ಹಿಂದಕ್ಕೆ ಉರುಳಿದರೆ ಟ್ರೈಲರ್ ಬ್ರೇಕ್ ನಿಮಗೆ ಸಹಾಯಕ್ಕೆ ಬರುವುದಿಲ್ಲ, ಗಾಡಿಯ ಬ್ರೇಕೇ ಎಲ್ಲ ಭಾರ ಹಿಡಿಯಬೇಕು, ಜೊತೆಗೆ ಇಷ್ಟು ಗಿಡ್ಡ ಟ್ರೈಲರ್ ಕಣ್ಣು ಮಿಟುಕಿಸುವಷ್ಟರಲ್ಲಿ ಅಡ್ಡ ತಿರುಗಿಬಿಡುತ್ತದೆ. ಅದಕ್ಕೇ ಗೊತ್ತಿಲ್ಲದ ಏರನ್ನು ಮೊದಲು ನಡೆದು ನೋಡುತ್ತೇನೆ. ಅನುಮಾನ ಇದ್ದರೆ ಟ್ರೈಲರ್ ಕಳಚಿ ಗಾಡಿಯನ್ನು ಮೇಲೆ ಒಯ್ದು, ಹಗ್ಗದಲ್ಲಿ ಎಳೆದುಕೊಳ್ಳುತ್ತೇನೆ. ಬೇಜಾರಿನ ಕೆಲಸ, ಆದರೆ ಮಾಡಬೇಕು.

ಹಿಂದಿನ ಆಕ್ಸಲ್ ಈ ಗಾಡಿಯ ಸೂಕ್ಷ್ಮ ಜಾಗ. ಚಿಕ್ಕ ಗಾಡಿಯ ಹಾಫ್ ಶಾಫ್ಟ್‌ಗಳು (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಸಲಾಕೆಗಳು) ಮುರಿಯುವುದಕ್ಕೇ ಹೆಸರುವಾಸಿ, ಅದರಲ್ಲೂ ಭಾರ ಎಳೆಯುತ್ತಾ ಕ್ಲಚ್ ಜರ್ರನೆ ಬಿಟ್ಟರೆ. ನನ್ನದೂ ಒಂದು ಸಲ ಮುರಿದಿದೆ, ಕಲ್ಲಿನ ಏರಿನಲ್ಲಿ. ಖುಷಿಯ ವಿಷಯ ಏನಂದ್ರೆ ಆಕ್ಸಲ್ ಫುಲ್ಲಿ ಫ್ಲೋಟಿಂಗ್, ಅಂದರೆ ಚಕ್ರ ಕೂತಿರುವುದು ಹಬ್ ಬೇರಿಂಗ್ ಮೇಲೆ, ಶಾಫ್ಟ್ ಮೇಲೆ ಅಲ್ಲ. ಶಾಫ್ಟ್ ಮುರಿದರೂ ಚಕ್ರ ಕಳಚಿ ಬೀಳುವುದಿಲ್ಲ. ಮುರಿದದ್ದನ್ನು ಹೊರಗೆಳೆದು, ನಾಲ್ಕು ಚಕ್ರದ ಎಳೆತದ ಹಳದಿ ಗುಬ್ಬಿ ಒತ್ತಿ, ಮುಂದಿನ ಚಕ್ರಗಳ ಎಳೆತದಲ್ಲೇ ಟಾರ್ ರಸ್ತೆ ಮುಟ್ಟಬಹುದು. ಈಗಿನ ಯಾವ ಗಾಡಿಯಲ್ಲಿ ಇದು ಸಾಧ್ಯ ಹೇಳಿ? ಹಿಂದಿನ ಡಿಫರೆನ್ಷಿಯಲ್ (ಎರಡು ಕಡೆಗೂ ಶಕ್ತಿ ಹಂಚುವ ಗೇರ್ ಗುಂಪು) ಆಕ್ಸಲ್‌ನ ನಟ್ಟನಡುವೆ ಇಲ್ಲ, ಹಾಗಾಗಿ ಎಡ ಬಲ ಶಾಫ್ಟ್‌ಗಳ ಉದ್ದ ಬೇರೆ ಬೇರೆ. ಸ್ಪೇರ್ ಇಟ್ಟುಕೊಳ್ಳುವುದಾದರೆ ಎರಡನ್ನೂ ಇಟ್ಟುಕೊಳ್ಳಿ.

ಗುಬ್ಬಿಗಳ ಬಗ್ಗೆ ಹೊಸಬರಿಗೆ: ಹಳದಿ ಒತ್ತಿದರೆ ಹೈ ರೇಂಜ್‌ನಲ್ಲಿ (ಸಾಮಾನ್ಯ ವೇಗದಲ್ಲಿ) ನಾಲ್ಕು ಚಕ್ರದ ಎಳೆತ, ಕೆಂಪು ಲಿವರ್ ಎಳೆದರೆ ಲೋ ರೇಂಜ್ (ವೇಗ ಕಡಿಮೆ, ಎಳೆತ ಜಾಸ್ತಿ). ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಒಣ ಟಾರ್ ಮೇಲೆ ನಾಲ್ಕು ಚಕ್ರ ಹಾಕಿಕೊಂಡು ಓಡಿಸಬೇಡಿ.

ಟ್ರೈಲರ್‌ಗೆ ಬರೋಣ. ಸ್ಯಾಂಕಿಯಲ್ಲಿ ಅಗಲದ್ದು, ಕಿರಿದು ಅಂತ ಎರಡು ಥರ ಇವೆ. ಸೀರೀಸ್ ಗಾಡಿಗೆ ಕಿರಿದೇ ಸರಿ, ಅದರ ಚಕ್ರ ಗಾಡಿಯ ಚಕ್ರದ ಜಾಡಿನಲ್ಲೇ ಬರುತ್ತದೆ. ಕೆಸರಿನಲ್ಲಿ ಟ್ರೈಲರ್ ತನಗೆ ಬೇರೆ ಜಾಡು ಕೊರೆಯುತ್ತಾ ಬಂದರೆ ಎಂಜಿನ್‌ಗೆ ಎಷ್ಟು ಹೊರೆ ಅಂತ ಎಳೆದವರಿಗೇ ಗೊತ್ತು. ಗಾಡಿಯದೇ ಚಕ್ರ ಇದಕ್ಕೂ ಕೂರುತ್ತದೆ, ಹಾಗಾಗಿ ಸ್ಟೆಪ್ನಿ ಎರಡಕ್ಕೂ ಒಂದೇ. ಕೊಂಡಿ ನೇಟೋ ಮಾದರಿಯ ದಪ್ಪ ಉಂಗುರ. ಸಾಮಾನ್ಯ ಬಾಲ್ ಹಿಚ್‌ಗೆ ಹೋಲಿಸಿದರೆ ಟಾರ್ ರಸ್ತೆಯಲ್ಲಿ ಕಟಕಟ ಸದ್ದು ಜಾಸ್ತಿ, ಆದರೆ ಹಳ್ಳದಲ್ಲಿ ಗಾಡಿ ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ ವಾಲಿದರೂ ಕೊಂಡಿ ತಿರುಚಿಕೊಳ್ಳುವುದಿಲ್ಲ. ಸದ್ದನ್ನು ಸಹಿಸಿಕೊಂಡಿದ್ದೇನೆ.

ಸೇನೆಯಿಂದ ಬಂದ ಟ್ರೈಲರ್ ಕೊಂಡರೆ ವೈರಿಂಗ್ ಮೊದಲು ನೋಡಿ. ನನ್ನದರಲ್ಲಿ 24 ವೋಲ್ಟ್ ಬಲ್ಬು, 12 ಪಿನ್ನಿನ ದೊಡ್ಡ ಪ್ಲಗ್ ಇತ್ತು. ಎಲ್ಲ ಕಿತ್ತು ಹಾಕಿ 12 ವೋಲ್ಟ್‌ಗೆ ಹೊಸ ವೈರ್ ಎಳೆದೆ. ಬೇರಿಂಗ್‌ಗಳೂ ಹೊಸವೇ. ಹೊಸ ಬೇರಿಂಗ್ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ಮತ್ತೆ ಬಿಗಿ ನೋಡುವುದು ಕಡ್ಡಾಯ. ಬಿಸಿಯಾಗಿರುವ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಹೊಳೆ ದಾಟುವ ಮುಂಚೆ ಸ್ವಲ್ಪ ನಿಲ್ಲಿಸಿ ಆರಲು ಬಿಡುತ್ತೇನೆ, ಊರಿಗೆ ಬಂದ ಮೇಲೆ ಗ್ರೀಸ್ ಬಣ್ಣ ನೋಡುತ್ತೇನೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಎಲ್ಲ ತೊಳೆದು ಹೊಸದು ತುಂಬಬೇಕು.

ಸಾಮಾನು ತುಂಬುವುದು ಒಂದು ಕಲೆಯೇ ಸರಿ. ಕೊಂಡಿಯ ಮೇಲೆ ಬೀಳುವ ಭಾರ, ತುಂಬಿದ ಟ್ರೈಲರ್‌ನ ಒಟ್ಟು ತೂಕದ ಶೇಕಡಾ 5ರಿಂದ 10ರಷ್ಟು ಇರಬೇಕು. ಹಿಂದೆ ಭಾರ ಆದರೆ ಟ್ರೈಲರ್ ಬಾಲ ಆಡಿಸಲು ಶುರು ಮಾಡುತ್ತದೆ, ಗಿಡ್ಡ ಗಾಡಿಯನ್ನೂ ಜೊತೆಗೆ ಅಲ್ಲಾಡಿಸುತ್ತದೆ. ಒಂದು ಲೀಟರ್ ನೀರು ಅಂದ್ರೆ ಒಂದು ಕಿಲೋ, 60 ಲೀಟರ್ ಟ್ಯಾಂಕ್ ಅಂದ್ರೆ ಒಬ್ಬ ಮನುಷ್ಯ ಹತ್ತಿ ಕೂತ ಹಾಗೆ. ಅದು ಸರಿಯಾಗಿ ಆಕ್ಸಲ್ ಮೇಲೆ ಇದೆ. ನೀರು ಖಾಲಿಯಾದರೂ ಕೊಂಡಿಯ ಭಾರ ಹೆಚ್ಚು ಬದಲಾಗುವುದಿಲ್ಲ.

ಪ್ಯಾರಾಬೋಲಿಕ್ ಸ್ಪ್ರಿಂಗ್ ಹಾಕಿದ್ದು ಒಳ್ಳೆಯದಾಯಿತು. ಹಳೆಯ ಸ್ಪ್ರಿಂಗ್‌ನಲ್ಲಿ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು, ತುಕ್ಕು ಹಿಡಿದರೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. ಇದರಲ್ಲಿ ಪಟ್ಟಿ ಕಡಿಮೆ, ಉಜ್ಜಾಟ ಕಡಿಮೆ. ಉಜ್ಜಾಟವೇ ಕುಣಿತವನ್ನು ತಡೆಯುತ್ತಿತ್ತಲ್ಲ, ಹಾಗಾಗಿ ಒಳ್ಳೆಯ ಶಾಕ್ ಅಬ್ಸಾರ್ಬರ್ ಜೊತೆಯಲ್ಲೇ ಬೇಕು. ಟ್ರೈಲರ್ ಎಳೆಯುವವರು ಹಿಂದಕ್ಕೆ ಭಾರದ ಮಾದರಿಯನ್ನೇ ಆರಿಸಿ. ಓವರ್‌ಡ್ರೈವ್ (ಹೆಚ್ಚುವರಿ ಗೇರ್ ಪೆಟ್ಟಿಗೆ) ಬಗ್ಗೆ ಮಾತ್ರ ನನಗೆ ಅಷ್ಟು ಉತ್ಸಾಹ ಇಲ್ಲ. ಗೇರಿಂಗ್ ಸುಮಾರು 28% ಉದ್ದ ಮಾಡುತ್ತದೆ, ಅಂದರೆ ಅದೇ ಎಂಜಿನ್ ವೇಗಕ್ಕೆ ಗಾಡಿ ಅಷ್ಟು ಜಾಸ್ತಿ ಓಡುತ್ತದೆ, ಖಾಲಿ ಗಾಡಿಗೆ ಚೆನ್ನ. ಟ್ರೈಲರ್ ಇದ್ದಾಗ ಸಣ್ಣ ಏರು ಬಂದರೂ ತೆಗೆಯಬೇಕು, ಅದು ಹಿಡಿಯುವ ಎಣ್ಣೆ ತೀರಾ ಕಡಿಮೆ, ಪದೇ ಪದೇ ನೋಡುತ್ತಿರಬೇಕು, ಸದ್ದು ಬೇರೆ.

ಫ್ರಿಜ್ ಇಡುವವರು ಆಲ್ಟರ್ನೇಟರ್ (ಎಂಜಿನ್‌ನಿಂದ ತಿರುಗಿ ಕರೆಂಟು ಕೊಡುವ ಸಾಧನ) ಲೆಕ್ಕ ಹಾಕಿ. ನನ್ನ ಗಾಡಿಯ ಮೂಲ ಆಲ್ಟರ್ನೇಟರ್ 34 ಆಂಪಿಯರ್‌ನದು. ರಾತ್ರಿ ಹೆಡ್‌ಲೈಟ್ ಎರಡಕ್ಕೇ ಹತ್ತು ಆಂಪಿಯರ್ ಹತ್ತಿರ ಹೋಗುತ್ತದೆ, ಮೇಲೆ ಇಗ್ನಿಷನ್, ವೈಪರ್. ಟ್ರೈಲರ್‌ನ ಬ್ಯಾಟರಿಗೆ 25 ಆಂಪಿಯರ್ ಎಳೆಯುವ ಚಾರ್ಜರ್ ಜೋಡಿಸಿದರೆ ಉಳಿಯುವುದೇನು? ದೊಡ್ಡ ಆಲ್ಟರ್ನೇಟರ್ ಹಾಕಿದೆ, ಟ್ರೈಲರ್‌ವರೆಗೆ ದಪ್ಪ ಕೇಬಲ್ ಎಳೆದೆ, ಚಾರ್ಜರ್ ಅನ್ನು ಬ್ಯಾಟರಿ ಪಕ್ಕದಲ್ಲೇ ಕೂರಿಸಿದೆ. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಚಿಕ್ಕ ಫ್ರಿಜ್ ಅನ್ನು ಎರಡು ದಿನ ಆರಾಮಾಗಿ ನಡೆಸುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಆ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚಳಿ ಜಾಗಕ್ಕೆ ಹೋಗುವವರಿಗೆ ಇದು ಮುಖ್ಯ.

ಬೇಸರ ತಂದಿದ್ದು ಬಿಡಿಭಾಗಗಳ ಗುಣಮಟ್ಟ. ಸಿಗುತ್ತವೆ, ಬೇಕಾದಷ್ಟು ಸಿಗುತ್ತವೆ, ಆದರೆ ನಕಲಿ ರಬ್ಬರ್ ಸೀಲುಗಳು ಬೇಗ ಬಿರುಕು ಬಿಡುತ್ತವೆ. ಒಬ್ಬ ಮಾರಾಟಗಾರ ಕಳಿಸಿದ ಡಿಸ್ಟ್ರಿಬ್ಯೂಟರ್ ರೋಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಭಾಗ) ಕೆಲವೇ ದಿನಗಳಲ್ಲಿ ಕೈಕೊಟ್ಟು, ಮಳೆಯಲ್ಲಿ ಗಾಡಿ ಸುಮ್ನೆ ನಿಂತುಬಿಟ್ಟಿತು. ರಿವೆಟ್ ಹಾಕಿದ ಅಗ್ಗದ ರೋಟರ್‌ಗಳಲ್ಲಿ ಕರೆಂಟು ರಿವೆಟ್ ಮೂಲಕ ಒಳಗಿನ ಶಾಫ್ಟ್‌ಗೆ ಸೋರುತ್ತದೆ. ರಿವೆಟ್ ಇಲ್ಲದ್ದನ್ನೇ ಕೇಳಿ ತಗೊಳ್ಳಿ. ನಿಮ್ಮ ಹಳೆಯ ಅಸಲಿ ಭಾಗ ಕೆಲಸ ಮಾಡುತ್ತಿದ್ದರೆ, ಹೊಸದು ಹಾಕಿದ ಮೇಲೂ ಅದನ್ನು ಎಸೆಯದೆ ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಿ.

ಡೇರೆ ಗಾಡಿಯ ಮೇಲಲ್ಲ, ಟ್ರೈಲರ್ ಮೇಲಿನ ಫ್ರೇಮ್‌ನಲ್ಲಿ ಇದೆ. ಏಣಿ ಗಿಡ್ಡ, ಗಾಡಿಯ ತಲೆಭಾರ ಇಲ್ಲ. ಒದ್ದೆ ಕ್ಯಾನ್ವಾಸ್ ಮಡಚಿ ಇಟ್ಟರೆ ಬೂಸ್ಟು ಹಿಡಿಯುತ್ತದೆ, ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸಿ.

ಟ್ರೈಲರ್ ಸಮೇತ ಆರಾಮದ ವೇಗ ಗಂಟೆಗೆ 70 ಕಿಲೋಮೀಟರ್. ಲೀಟರ್‌ಗೆ ಐದು ಕಿಲೋಮೀಟರ್ ಸಿಕ್ಕರೆ ಪುಣ್ಯ. ಒಳಗೆ ಮಾತಾಡಬೇಕು ಅಂದ್ರೆ ಕೂಗಬೇಕು, ಬೇಸಿಗೆಯಲ್ಲಿ ಮುಂದಿನ ಗಾಜಿನ ಕೆಳಗಿನ ಎರಡು ಫ್ಲ್ಯಾಪ್ ತೆರೆಯುವುದೇ ಎಸಿ. ದೂರದ ಜಾಗಕ್ಕೆ ಬೇಗ ಹೋಗಿ ಬರಬೇಕು ಅನ್ನುವವರಿಗೆ ಇದು ಬೇಡವೇ ಬೇಡ. ಎರಡರಲ್ಲಿ ಒಂದನ್ನೇ ಕಟ್ಟುವಷ್ಟು ದುಡ್ಡು, ಸಮಯ ಇದ್ದರೆ ಟ್ರೈಲರ್‌ನಿಂದ ಶುರು ಮಾಡಿ. ಒಬ್ಬರೇ ಮುಗಿಸಬಹುದು, ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಗಾಡಿ ಇನ್ನೂ ತುಂಡು ತುಂಡಾಗಿ ಬಿದ್ದಿರುವಾಗ, ಎಳೆಯುವ ಸಾಮರ್ಥ್ಯ ಮತ್ತು ಕೊಂಡಿ ಹೊಂದುವ ಯಾವ ಗಾಡಿಗಾದರೂ ಅದನ್ನು ಕಟ್ಟಿಕೊಂಡು ಹೋಗಬಹುದು.