ಹರಾಜಿಗೆ ಜನ ಕರೆತರುತ್ತೇನೆ ಎಂದವನನ್ನು ನಂಬಿ ಅಪ್ಪನ ವಾಚಿಗೆ ಕೆಟ್ಟ ಹೆಸರು ತಂದೆ

ಹಳೆಯ ವಾಚು, ನಾಣ್ಯ, ಪೆನ್ನುಗಳನ್ನು ಆನ್‌ಲೈನ್ ಹರಾಜಿಗೆ ಇಡಬೇಕೆಂದಿರುವ ಮುಂಬೈ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಕಳೆದುಕೊಂಡ ಹಣ 7,500 ರೂಪಾಯಿ. ಅದನ್ನು ಹೇಗೋ ಮರೆಯುತ್ತೇನೆ. ಅಪ್ಪ ಕಟ್ಟಿದ ವಾಚನ್ನು ನಕಲಿ ಎಂದು ಹತ್ತಾರು ಕಡೆ ಬರೆದರಲ್ಲ, ಅದನ್ನು ಮರೆಯಲಾಗುತ್ತಿಲ್ಲ.

ಅಪ್ಪ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತವರು. ಎಚ್‌ಎಂಟಿ ವಾಚೆಂದರೆ ಅವರಿಗೆ ಪ್ರಾಣ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಆ ವಾಚುಗಳ ತಯಾರಿಕೆ ಶುರುವಾದದ್ದು ಬೆಂಗಳೂರಿನಲ್ಲಿ. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಗಿರಾಕಿಗಳು ಕೇಳದಿದ್ದರೂ ಇದನ್ನೆಲ್ಲ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಡೊಂಬಿವಲಿಯ ಮನೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಏಳು ವಾಚು, ಪ್ರತಿಯೊಂದನ್ನೂ ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಎಲ್ಲವನ್ನೂ ಡಬ್ಬಿಯಲ್ಲೇ ತುಕ್ಕು ಹಿಡಿಸುವುದಕ್ಕಿಂತ ಒಂದೆರಡಾದರೂ ಬೆಲೆ ಬಲ್ಲವರ ಕೈ ಸೇರಲಿ ಎಂದುಕೊಂಡೆ. ಮೊದಲು ಆರಿಸಿದ್ದು ಕೀ ಕೊಟ್ಟು ನಡೆಸುವ, 17 ಜ್ಯೂಯೆಲ್‌ಗಳ (ಚಕ್ರಗಳ ಅಚ್ಚು ಸವೆಯದಂತೆ ಒಳಗೆ ಕೂರಿಸುವ ಪುಟ್ಟ ಹರಳುಗಳು) ‘ಜನತಾ’ ವಾಚನ್ನು.

ಅದರ ಹಿಂಬದಿಯ ಮುಚ್ಚಳ ತೆಗೆದರೆ ಒಳಮೈಯಲ್ಲಿ ಸೂಜಿಯಿಂದ ಗೀರಿದ ಪುಟ್ಟ ಅಂಕಿಗಳಿದ್ದವು. ಪ್ರತಿ ಸಲ ಬಿಚ್ಚಿ ಎಣ್ಣೆ ಹಾಕಿದಾಗ ರಿಪೇರಿಯವರು ಗುರುತಿಗಾಗಿ ಬರೆದಿಡುವ ತಾರೀಖುಗಳವು. ನಾಲ್ಕು ತಾರೀಖುಗಳಲ್ಲಿ ಒಂದು ನನ್ನ ಮದುವೆಯ ಹಿಂದಿನ ವಾರದ್ದು. ಆ ಮುಚ್ಚಳದ ಚಿತ್ರವನ್ನೂ ಸೇರಿಸಿ, 1,500 ರೂಪಾಯಿಯಿಂದ ಶುರುವಾಗುವಂತೆ ಹತ್ತು ದಿನದ ಹರಾಜಿಗೆ ಹಾಕಿದೆ. ವಾಚಿನ ಹವ್ಯಾಸಿಗಳ ಎರಡು ಗುಂಪುಗಳಲ್ಲಿ ನಾನೇ ಅದರ ಕೊಂಡಿಯನ್ನೂ ಹಂಚಿಕೊಂಡೆ.

ನಾಲ್ಕು ದಿನ ಕಳೆದರೂ ಬಂದದ್ದು ಒಂದೇ ಬಿಡ್, ಪುಣೆಯ ಒಬ್ಬ ಸಂಗ್ರಾಹಕರದ್ದು. ನನಗೆ ಕಳವಳ ಶುರುವಾಯಿತು. ಹರಾಜಿನ ನಡುವಿನ ದಿನಗಳು ಹೀಗೆಯೇ ಮೌನವಾಗಿರುತ್ತವೆ, ಅನುಭವಸ್ಥರು ಕೊನೆಯ ಗಳಿಗೆಯವರೆಗೂ ತಮ್ಮ ಬೆಲೆ ಬಿಟ್ಟುಕೊಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಯಾರಾದರೂ ಅಷ್ಟು ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಆ ಸಂಜೆಯೇ ಒಬ್ಬನ ಸಂದೇಶ ಬಂತು. ಅಚ್ಚ ಕನ್ನಡ, ನಡುವೆ ಎರಡು ಮಾತು ತುಳು. ಇಂಥ ವಸ್ತುಗಳ ಹರಾಜನ್ನು ಐವತ್ತು ಗುಂಪುಗಳಿಗೆ ಹಾಕಿ ಜನ ಸೇರಿಸಿಕೊಡುವುದೇ ತನ್ನ ಕೆಲಸ, ಅದಕ್ಕೆ 2,500 ರೂಪಾಯಿ ಎಂದ. ಮುಂಬೈಯಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಮನಸ್ಸು ಎಷ್ಟು ಬೇಗ ಮೆತ್ತಗಾಗುತ್ತದೆ ಎಂದು ಇಲ್ಲಿ ಬದುಕಿದವರಿಗೆ ಹೇಳಬೇಕಾಗಿಲ್ಲ. ಹಣ ಕಳಿಸಿದೆ. ವಿವರಣೆ ಸಪ್ಪೆಯಾಗಿದೆ, ಹಳೆಯದನ್ನು ತೆಗೆದು ಹೊಸದಾಗಿ ತಾನೇ ಹಾಕುತ್ತೇನೆ, ಮೊಬೈಲಿಗೆ ಬಂದ ಒಟಿಪಿ ಹೇಳಿ ಅಕ್ಕಾ ಎಂದ. ಅದನ್ನೂ ಹೇಳಿದೆ. ಮನೆಯ ಬೀಗದ ಕೈಯನ್ನು ನಾನೇ ಕೊಟ್ಟಂತಾಯಿತು.

ಎರಡು ದಿನ ಸಂತೋಷವಾಗಿಯೇ ಇತ್ತು. ಬೆಲೆ 3,000, 5,200, 9,800 ಎಂದು ಏರಿತು. ವಿದೇಶದ ಗುಂಪುಗಳಿಗೂ ಹಾಕುತ್ತೇನೆ ಎಂದು ಇನ್ನೂ 5,000 ಕೇಳಿದ, ಕೊಟ್ಟೆ. ಬಿಡ್ ಮಾಡಿದ ಮೂವರ ಖಾತೆಗಳೂ ಅದೇ ವಾರ ತೆರೆದವು, ಹಿಂದೆ ಏನನ್ನೂ ಕೊಂಡ ದಾಖಲೆ ಯಾವುದಕ್ಕೂ ಇರಲಿಲ್ಲ. ಹೆಸರಿನ ಮೇಲೆ ಒತ್ತಿದ್ದರೆ ಅಷ್ಟೂ ಕಾಣುತ್ತಿತ್ತು. ನಾನು ಬೆಲೆಯನ್ನು ಮಾತ್ರ ನೋಡುತ್ತಿದ್ದೆ.

ಕಣ್ಣು ತೆರೆಸಿದವರು ಪುಣೆಯ ಆ ಸಂಗ್ರಾಹಕರು. ಮರಾಠಿಯಲ್ಲಿ ನಾಲ್ಕೇ ಸಾಲು ಬರೆದಿದ್ದರು. ಮೊದಲು ನೀವು ತೋರಿಸಿದ ಮುಚ್ಚಳದಲ್ಲಿ ಗೀರುಗಳಿದ್ದವು, ಈಗಿನ ಚಿತ್ರದಲ್ಲಿ ಒಂದೂ ಇಲ್ಲ. ಇದು ಯಾರ ವಾಚು ಎಂದು ಕೇಳಿದ್ದರು. ಓಡಿಹೋಗಿ ನೋಡಿದೆ. ಅಪ್ಪನ ತಾರೀಖುಗಳಿದ್ದ ಚಿತ್ರ ಮಾಯವಾಗಿ, ಫಳಫಳ ಹೊಳೆಯುವ ಬೇರೆ ಯಾವುದೋ ಮುಚ್ಚಳ ಅಲ್ಲಿತ್ತು. ಕೆಳಗೆ ‘1961ರ ಮೊದಲ ತಂಡದ ಅಪರೂಪದ ವಾಚು’ ಎಂಬ ಹಸಿ ಸುಳ್ಳು. ಅದೇ ಬರಹವನ್ನು ಒಂದಕ್ಷರ ಬದಲಿಸದೆ ವಾಚಿನ ಗುಂಪು, ನಾಣ್ಯದ ಗುಂಪು, ಕೊನೆಗೆ ಕ್ಯಾಮೆರಾದವರ ಗುಂಪಿಗೂ ನನ್ನ ಹೆಸರಿನಲ್ಲೇ ಸುರಿದಿದ್ದ.

ಇದು ಮುಂಬೈಯವರಿಗೆ ಯಾಕೆ ಹೆಚ್ಚು ಅಪಾಯ ಎಂಬುದನ್ನು ಹೇಳಲೇಬೇಕು. ಹಳೆಯ ವಾಚು ಸಂಗ್ರಹಿಸುವವರಲ್ಲಿ ‘ಮುಂಬೈ ಸ್ಪೆಷಲ್’ ಎಂಬ ಮಾತಿದೆ, ಬೇರೆ ದೇಶಗಳ ಸಂಗ್ರಾಹಕರೂ ಅದನ್ನು ಬಲ್ಲರು. ಬೇರೆ ಬೇರೆ ವಾಚುಗಳ ಬಿಡಿಭಾಗ ಕೂಡಿಸಿ, ಡಯಲ್‌ಗೆ ಹೊಸ ಬಣ್ಣ ಬಳಿದು, ಹಳೆಯ ಅಸಲಿ ಮಾಲು ಎಂದು ದಾಟಿಸುವ ವಾಚಿಗೆ ಆ ಹೆಸರು. ಕಾರ್ಖಾನೆ ಎಂದೂ ಬಳಸದ ಬಣ್ಣ, ದಪ್ಪಗೆ ಹರಡಿಕೊಂಡ ಅಕ್ಷರ, ಸೊಟ್ಟಗಾದ ನಿಮಿಷದ ಗೆರೆ ನೋಡಿ ಬಲ್ಲವರು ಅದನ್ನು ಕಂಡುಹಿಡಿಯುತ್ತಾರೆ. ಹೀಗಾಗಿ ಈ ಊರಿನಿಂದ ಮಾರುವವರನ್ನು ಅವರು ಮೊದಲೇ ಅನುಮಾನದಿಂದ ನೋಡುತ್ತಾರೆ. ಅಂಥವರ ನಡುವೆ ಪ್ರಾಮಾಣಿಕರಿಗೆ ಇರುವ ಬಂಡವಾಳ ಮಸುಕಾದ ಡಯಲ್, ಗೀರು ಬಿದ್ದ ಮುಚ್ಚಳ, ಕೇಳಿದ ಪ್ರಶ್ನೆಗೆ ನೇರ ಉತ್ತರ, ಇಷ್ಟೇ. ಅವನು ಅಳಿಸಿ ಹಾಕಿದ್ದು ಅದನ್ನೇ.

ಹರಾಜು ಗೆದ್ದವನು ಹಣ ಕಟ್ಟಲಿಲ್ಲ. ಮಾರುವವರ ಕಡೆಯಿಂದಲೇ ಸುಳ್ಳು ಬಿಡ್ ಹಾಕಿ ಬೆಲೆ ಏರಿಸಲಾಗಿದೆ ಎಂದು ಹರಾಜು ತಾಣ ನನ್ನ ಖಾತೆಯನ್ನು ಮುಚ್ಚಿತು. ಅವರ ದೃಷ್ಟಿಯಲ್ಲಿ ಖಾತೆ ನನ್ನದು, ತಪ್ಪೂ ನನ್ನದು. ಒಟಿಪಿಯನ್ನು ಬೇರೆಯವರಿಗೆ ಕೊಟ್ಟವಳು ಏನೆಂದು ವಾದಿಸಲಿ? ಗುಂಪುಗಳಿಂದಲೂ ಹೊರಹಾಕಿದರು. ಬಹುತೇಕ ಗುಂಪುಗಳಲ್ಲಿ ಮಾರಾಟಕ್ಕೆಂದೇ ಬೇರೆ ದಿನವೋ ಬೇರೆ ಜಾಗವೋ ಇರುತ್ತದೆ, ಇಂತಿಂಥ ಚಿತ್ರಗಳು ಬೇಕೆಂಬ ನಿಯಮವಿರುತ್ತದೆ. ನನ್ನ ಹೆಸರಿನಲ್ಲಿ ಅವೆಲ್ಲವನ್ನೂ ಮುರಿಯಲಾಗಿತ್ತು.

ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದರೆ ಹಣ ಮುಂದೆ ಸಾಗುವ ಮೊದಲೇ ತಡೆಯುವ ಸಾಧ್ಯತೆ ಇರುತ್ತದೆ. ನಾನು ನಾಚಿಕೆಯಿಂದ ಆರು ದಿನ ಮನೆಯಲ್ಲೂ ಬಾಯಿ ಬಿಡಲಿಲ್ಲ. ದೂರು ದಾಖಲಾಗಿದೆ, ಹಣ ಬಂದಿಲ್ಲ. ನೀವು ನಾಚಬೇಡಿ, ಅದೇ ದಿನ ಕರೆ ಮಾಡಿ. ಹರಾಜಿನ ಪ್ರಚಾರಕ್ಕೆಂದು ಯಾರು ಬಂದರೂ ಖಾತೆಯೊಳಗೆ ಬಿಡಬೇಡಿ. ಗುಂಪಿಗೆ ಕೊಂಡಿ ಹಾಕುವುದಿದ್ದರೆ ನೀವೇ ಹಾಕಿ, ಅದಕ್ಕೆ ಮೊದಲು ಕೆಲವು ವಾರ ಅಲ್ಲಿಯ ಮಾತುಕತೆ ಓದಿ. ಐವತ್ತು ಗುಂಪು ಬೇಡ, ನಿಮ್ಮ ವಸ್ತುವನ್ನು ಬಲ್ಲ ಎರಡು ಗುಂಪು ಸಾಕು. ನನಗೆ ಬಂದ ಒಂದೇ ಒಂದು ನಿಜವಾದ ಬಿಡ್ ಹಾಗೆಯೇ ಬಂದಿತ್ತು.

ವಾಚು ಡಬ್ಬಿಗೆ ಮರಳಿದೆ. ಪುಣೆಯವರಿಗೆ ಮುಚ್ಚಳದ ಚಿತ್ರವನ್ನು ಮತ್ತೆ ಕಳಿಸಿ, ನಡೆದದ್ದನ್ನೆಲ್ಲ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಅವನು ಹೆಸರನ್ನೂ ನಂಬರನ್ನೂ ಬದಲಿಸುತ್ತಿರಬಹುದು. ಆದರೆ ನನ್ನಂತೆಯೇ ಮೋಸಹೋದ ಮುಲುಂಡಿನ ಇನ್ನೊಬ್ಬರಿಗೂ ಅವನು ಬರೆದ ಮೊದಲ ಸಾಲು ಇದೇ ಆಗಿತ್ತು: “ಅಕ್ಕಾ, ನಿಮ್ಮ ಹರಾಜು ನೋಡಿದೆ. ನೀವು ನಮ್ಮ ಊರಿನ ಕಡೆಯವರಲ್ಲವೇ?”