ಅಜ್ಜಿಯ ಮೆಟ್ಟುಗತ್ತಿ ಮತ್ತು ಸಾಗರದ ಕಡೆಯ ಒಂದು ಕುಲುಮೆ

ನಮ್ಮ ಅಜ್ಜಿಯ ಮೆಟ್ಟುಗತ್ತಿ (ಈಳಿಗೆಮಣೆ ಅಂತಾರಲ್ಲ, ಅದೇ) ಹಾಳಾಗಿದ್ದು ಊರಲ್ಲಲ್ಲ, ಬೆಂಗಳೂರಿನಲ್ಲಿ. ಅದೂ ನನ್ನಿಂದಲೇ ಅನ್ನಿ. ತುಕ್ಕು ಹಿಡಿದಿದೆ ಅಂತ ಸಾಣೆ ಹಿಡಿಯುವವರೊಬ್ಬರಿಗೆ ಕೊಟ್ಟೆ. ಕರೆಂಟಿನ ಗ್ರೈಂಡರ್‌ಗೆ ಒತ್ತಿ ಹಿಡಿದರು, ಕಿಡಿ ಹಾರಿತು. ಒಮ್ಮೆಯೂ ನೀರಿಗೆ ಅದ್ದಲಿಲ್ಲ. ಹತ್ತು ನಿಮಿಷದಲ್ಲಿ ಫಳಫಳ. ಬಾಯಿಯ ಉದ್ದಕ್ಕೂ ನವಿಲುಗರಿ ಥರ ನೀಲಿ ಬಣ್ಣ ಬೇರೆ. ಚಂದ ಇದೆ ಅಂದುಕೊಂಡೆ ನಾನು, ದಡ್ಡಿ! ಮೂರು ದಿನ ಚೆನ್ನಾಗಿ ಕೊಯ್ದಿತು. ನಾಲ್ಕನೇ ದಿನ ಟೊಮೆಟೊ ಅಪ್ಪಚ್ಚಿ.

ಕೊನೆಗೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಊರಿಗೆ ಒಯ್ದೆ. ಸಾಗರದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಆಚಾರ್ರ ಕುಲುಮೆ ಇದೆ. ಬೋರ್ಡಿಲ್ಲ, ಸುತ್ತಿಗೆ ಸದ್ದು ಹಿಡಿದು ಹೋಗಬೇಕು. ನೀಲಿ ಬಣ್ಣ ನೋಡಿದ ಕೂಡಲೇ "ಸುಟ್ಟಿದಾರಲ್ರೀ" ಅಂದರು. ಕಬ್ಬಿಣ ಉಜ್ಜೋ ಹಳೇ ಅರ ತಗೊಂಡು ಬಾಯಿಗೆ ಒಮ್ಮೆ ಎಳೆದರು. ಬೆಣ್ಣೆ ಥರ ಪುಡಿ ಉದುರಿತು. ಕಬ್ಬಿಣ ಅಷ್ಟು ಬಿಸಿಯಾದರೆ ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ ಅಂದರು.

ಅವತ್ತು ಪೂರ್ತಿ ಅಲ್ಲೇ ಕೂತಿದ್ದೆ. ಮೊದಲು ಬೆಣೆ ತಟ್ಟಿ ಕತ್ತಿಯನ್ನು ಮಣೆಯಿಂದ ಕಿತ್ತರು. ಸುಟ್ಟ ಬಾಯಿಯನ್ನು ಒಂದು ನೂಲಿನಷ್ಟು ಅರದಲ್ಲೇ ತೆಗೆದರು. ಆಮೇಲೆ ಕೆಂಪಗೆ ಕಾಸಿ, ಬಾಯಿಯನ್ನಷ್ಟೇ ನೀರಿಗೆ ಇಳಿಸಿದರು. ಚುಂಯ್ ಅಂತು. ಅದೇ ಅರ ಮತ್ತೆ ಎಳೆದರೆ ಈಗ ಗಾಜಿನ ಮೇಲೆ ಎಳೆದ ಹಾಗೆ ಜಾರಿತು. ಮುಗೀತಾ ಅಂದೆ. ಹೀಗೇ ಬಿಟ್ಟರೆ ಹಲಸಿನಕಾಯಿ ಬಿದ್ದ ಏಟಿಗೆ ಚಕ್ಕೆ ಏಳುತ್ತೆ ಅಂತ ಮತ್ತೆ ಬೆಂಕಿಯ ಹತ್ತಿರ ಹಿಡಿದರು. ಉಜ್ಜಿದ ಜಾಗದಲ್ಲಿ ಬಣ್ಣ ಮೆಲ್ಲಗೆ ಏರಿತು. ಒಣಹುಲ್ಲಿನ ಬಣ್ಣ ಬಂದದ್ದೇ ತಡ, ಮತ್ತೆ ನೀರಿಗೆ. ಇನ್ನೊಂದು ಚಣ ಬಿಟ್ಟಿದ್ದರೆ ಕಂದು, ಅದೂ ದಾಟಿದರೆ ಮತ್ತದೇ ನೀಲಿ.

ನನಗೆ ಇಷ್ಟವಾಗಿದ್ದು ಅವರು ಮಾಡದೇ ಬಿಟ್ಟದ್ದು. ಅಜ್ಜಿ ಒಂದೇ ಕಡೆ ಕೊಯ್ದು ಕೊಯ್ದು ಕತ್ತಿಯ ಹೊಟ್ಟೆ ಒಳಗೆ ಸವೆದಿದೆ. ಅದನ್ನು ಸಮ ಮಾಡಿ ಅಂದೆ. "ಸಮ ಮಾಡಿದ್ರೆ ಅರ್ಧ ಇಂಚು ಹೋಗುತ್ತೆ, ಯಾಕೆ?" ಅಂದರು. ಪಾಲಿಶ್ ಕೇಳಿದ್ದಕ್ಕೂ ಇಲ್ಲ. ಮೊದಲು ಅದರ ಮೈ ಕಪ್ಪಗಿತ್ತು. ಮಾವಿನಕಾಯಿ, ಬಾಳೆಹೂವಿನ ಒಗರು ಕೂತು ಆದ ಕಪ್ಪು. ತುಕ್ಕನ್ನು ಒಂದಿಷ್ಟು ತಡೆಯೋದೂ ಅದೇ. ಗ್ರೈಂಡರ್ ಅದನ್ನೂ ತಿಂದಿತ್ತು. ಕೊಯ್ದ ಮೇಲೆ ಒರೆಸಿ ಕೊಬ್ಬರಿ ಎಣ್ಣೆ ಸವರಿ, ತಾನೇ ಕಪ್ಪಾಗುತ್ತೆ ಅಂದರು. ಎರಡು ತಿಂಗಳಾಯ್ತು, ಆಗ್ತಾ ಇದೆ.

ದೂರು ಇಲ್ಲದೇ ಇಲ್ಲ. ಮಣೆಗೆ ಹೊಸ ಬೆಣೆ ಹೊಡೆದು ಎರಡು ದಿನದಲ್ಲಿ ಕೊಡ್ತೀನಿ ಅಂದವರು ಹನ್ನೊಂದು ದಿನ ಮಾಡಿದರು. ಫೋನ್ ಎತ್ತಲ್ಲ. ತುದಿಯ ಕಾಯಿ ತುರಿಯೋ ಹಲ್ಲುಗಳನ್ನು ನಾನು ಹೇಳದೇ ಮಸೆದಿದ್ದಾರೆ. ಎಷ್ಟು ಚೂಪು ಅಂದರೆ ಕಾಯಿಯ ಜೊತೆ ಕರಟವೂ ಬರುತ್ತೆ. ಚಟ್ನಿ ಕಂದು ಬಣ್ಣ!

ಒಟ್ಟು ಆರುನೂರು ರೂಪಾಯಿ ಆಯ್ತು. ಜಾಸ್ತಿ ಅನ್ನಿಸಲಿಲ್ಲ. ನೀವು ಹೋಗೋದಾದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಮಾತ್ರ ಬೇಡ. ಆಗ ಊರ ತುಂಬ ಅಡಿಕೆ ಸುಲಿಯೋ ಮೆಟ್ಟುಗತ್ತಿಗಳು ಅಲ್ಲಿ ಸಾಲಾಗಿ ಕೂತಿರುತ್ತವೆ, ನಿಮ್ಮದನ್ನು ಕೇಳೋರಿರಲ್ಲ. ನಾನೂ ಹಲ್ಲು ಸ್ವಲ್ಪ ಮೊಂಡು ಮಾಡಿಸೋಕೆ ಯುಗಾದಿ ಕಳೆದ ಮೇಲೇ ಹೋಗೋದು.